ಅಡುಗೆಮನೆ ಬಾಗಿಲಿನಿಂದ ಒಗೆಯುವ ಕಲ್ಲಿನವರೆಗೆ

ಅಳತೆ ಟೇಪಿನ ಒಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿಯಲು ಅನಿಲ್‌ಕುಮಾರನ ಕೈಗೆ ಕೊಟ್ಟು, ಪ್ರತಿಭಾ ಇನ್ನೊಂದು ತುದಿಯನ್ನು ಎಳೆದುಕೊಂಡು ಹಿತ್ತಲಿನ ಬೇಲಿಯತ್ತ ನಡೆದಳು. ಕಾರ್ತಿಕದಲ್ಲಿ ಸುರಿದ ಮಳೆಗೆ ನೆಲ ಇನ್ನೂ ಹಸಿಯಾಗಿತ್ತು. ಹೆಜ್ಜೆಹೆಜ್ಜೆಗೂ ಚಪ್ಪಲಿ ಮಣ್ಣಿಗೆ ಅಂಟಿಕೊಳ್ಳುತ್ತಿತ್ತು.

ಹೊಳೆನರಸೀಪುರದ ಅಂಚಿನಲ್ಲಿದ್ದ ಆ ಮನೆಗೆ ಅವಳನ್ನು ಕರೆಸಿದ್ದವನು ಅನಿಲ್‌ಕುಮಾರನೇ. ಹಾಸನದ ಸಹಕಾರ ಬ್ಯಾಂಕೊಂದರಲ್ಲಿ ಅವನಿಗೆ ಕೆಲಸ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ವಾಪಸು ಬರುತ್ತಿದ್ದ. ಮನೆಯ ಹಿಂದಿನ ಜಾಗಕ್ಕೆಲ್ಲ ಪೇವರ್ ಕಲ್ಲು ಹಾಸಿಸಬೇಕು, ಬಂದು ನೋಡಿ ಖರ್ಚಿನ ಅಂದಾಜು ಕೊಡಿ ಎಂದು ಫೋನಿನಲ್ಲಿ ಹೇಳಿದ್ದ.

"ಇಲ್ಲಿಂದ ಬೇಲಿವರೆಗೂ ಪೂರ್ತಿ ಮೇಡಂ. ಒಂದಿಂಚೂ ಮಣ್ಣು ಕಾಣಬಾರದು," ಎಂದ ಅವನು. "ಈ ಬಾಗಿಲ ಪಕ್ಕ ಒಂದು ಉಯ್ಯಾಲೆ, ನಾಲ್ಕು ಕುರ್ಚಿ. ಸಾಯಂಕಾಲ ಅಪ್ಪ ಗಾಳಿಗೆ ಬಂದು ಕೂತ್ಕೋಬಹುದು. ನೆಂಟರು ಬಂದ್ರೂ ಲಕ್ಷಣವಾಗಿರುತ್ತೆ."

ಅವನ ಅಪ್ಪ ಕೆಂಪಣ್ಣನವರು ಅಡುಗೆಮನೆಯ ಹಿಂಬಾಗಿಲಲ್ಲಿ ಗಾಲಿಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಹೋದ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅಗಲ ಭುಜದ ಆಳು. ಆ ಕುರ್ಚಿ ಅವರಿಗೆ ಯಾರದೋ ಅಂಗಿ ತೊಡಿಸಿದಂತೆ ಬಿಗಿಯಾಗಿ ಕಾಣುತ್ತಿತ್ತು.

ಅವರ ಹೆಂಡತಿ ಅನಸೂಯಮ್ಮ ಲೋಟದಲ್ಲಿ ಕಾಫಿ ತಂದು ಪ್ರತಿಭಾಳ ಕೈಗಿಟ್ಟರು. "ಒಂದ್ಸಲ ನಾನೇ ಇವ್ರನ್ನ ಕೆಳೀಕೆ ಇಳಿಸ್ಬುಟ್ಟಿದ್ದೆ ಕಣವ್ವ. ಗಾಲಿ ಕೆಸರಲ್ಲಿ ಊತೋಯ್ತು. ಪಕ್ಕದ್ಮನೆ ಮಾದಮ್ಮನ್ನ, ಅವಳ ಗಂಡನ್ನ ಕೂಗಿ ಎತ್ತಿಸ್ದೆ. ಅವತ್ತಿಂದ ಎದ್ರಿಕೆ ನಂಗೆ. ಮುಂದ್ಗಡೆ ಜಗಲೀಲೇ ಕುಂಡ್ರುಸ್ತೀನಿ."

ಕೆಂಪಣ್ಣನವರು ಎಡಗೈ ಎತ್ತಿ ಹಿತ್ತಲಿನ ಕಡೆಗೆ ತೋರಿಸಿದರು. "ಅ... ಅಲ್ಲಿ."

"ಹೂಂ ಅಪ್ಪ, ಅಲ್ಲಿಗೂ ಹಾಕಿಸ್ತೀವಿ. ಎಲ್ಲಾ ಕಡೆಗೂ ಹಾಕಿಸ್ತೀವಿ," ಎಂದ ಅನಿಲ್‌ಕುಮಾರ್.

ಕೆಂಪಣ್ಣನವರ ಕೈ ಇನ್ನೂ ಸ್ವಲ್ಪ ಹೊತ್ತು ಎತ್ತಿದಂತೆಯೇ ಇತ್ತು. ಆಮೇಲೆ ಮೆಲ್ಲಗೆ ತೊಡೆಯ ಮೇಲೆ ಇಳಿಯಿತು. ಅವರು ಹೇಳಬೇಕೆಂದದ್ದು ಏನೋ ಉಳಿದುಹೋದಂತೆ ಪ್ರತಿಭಾಳಿಗೆ ಅನ್ನಿಸಿತು. ಆದರೆ ಅವಳಿಗೆ ಬಸ್ಸಿನ ಹೊತ್ತಾಗಿತ್ತು. ಅಳತೆ ಬರೆದುಕೊಂಡು ಹೊರಟಳು.

ಹಿರೀಸಾವೆ ರಸ್ತೆಯ ಒಂದು ಪೇವರ್ ಫ್ಯಾಕ್ಟರಿಯಲ್ಲಿ ಪ್ರತಿಭಾ ಬಹಳ ವರ್ಷ ಕೆಲಸ ಮಾಡಿದ್ದಳು. ಸಿವಿಲ್ ಡಿಪ್ಲೊಮಾ ಓದಿದವಳು. ಗಿರಾಕಿಗಳ ಮನೆಗೆ ಹೋಗಿ ಅಳತೆ ಮಾಡುವುದು, ಅಂದಾಜು ಹಾಕುವುದು, ಕೆಲಸ ಮುಗಿಯುವವರೆಗೂ ನಿಂತು ನೋಡಿಕೊಳ್ಳುವುದು ಎಲ್ಲ ಅವಳದೇ. ಇದನ್ನೇ ಸ್ವಂತಕ್ಕೆ ಮಾಡಿದರೇನು ಎಂಬ ಯೋಚನೆ ಬಂದದ್ದು ಈ ಯುಗಾದಿಯ ಹೊತ್ತಿಗೆ. ಗಂಡ ಕಾಂತರಾಜುವಿಗೆ ಚನ್ನರಾಯಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ ಇತ್ತು. ಅಂಗಡಿಯ ಬೋರ್ಡಿನ ಕೆಳಗೆ ಅವಳ ಹೆಸರಿನ ಚಿಕ್ಕ ಬೋರ್ಡೂ ಏರಿತು. ಕಲ್ಲು ಜೋಡಿಸುವುದಕ್ಕೆ ಫ್ಯಾಕ್ಟರಿಯ ಕಾಲದಿಂದಲೂ ಪರಿಚಯವಿದ್ದ ದ್ಯಾವಯ್ಯ ಬರುತ್ತೇನೆಂದು ಒಪ್ಪಿಕೊಂಡರು. ಬರದಿದ್ದದ್ದು ಕೆಲಸ ಒಂದೇ. ಅರಕಲಗೂಡಿನ ಒಂದು ಮನೆಗೂ ಹಾಸನದ ಒಂದು ಕ್ಲಿನಿಕ್ಕಿಗೂ ಅಂದಾಜು ಕೊಟ್ಟಿದ್ದಳು. ಎರಡೂ ಬೇರೆಯವರ ಪಾಲಾಗಿದ್ದವು.

ಹೊಳೆನರಸೀಪುರದ ಹಿತ್ತಲಿಗೆ ಅವಳ ಲೆಕ್ಕ ಎಪ್ಪತ್ತೈದು ಸಾವಿರ ದಾಟಿತು. ವಾಟ್ಸಾಪಿನಲ್ಲಿ ಕಳಿಸಿದಳು. ಮಾರನೆಯ ದಿನ ಅನಿಲ್‌ಕುಮಾರನ ಉತ್ತರ ಬಂತು: "ಮೇಡಂ, ಇನ್ನೊಬ್ರು ಅದೇ ಜಾಗಕ್ಕೆ ನಲವತ್ತೇಳಕ್ಕೆ ಮಾಡ್ಕೊಡ್ತೀನಿ ಅಂತಿದ್ದಾರೆ. ನೀವು ಎಷ್ಟಕ್ಕೆ ಬರ್ತೀರಾ?"

ಸಂಜೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಫೋನನ್ನು ಗಂಡನಿಗೆ ತೋರಿಸಿದಳು.

ಕಾಂತರಾಜು ಮೊಳೆಗಳನ್ನು ತೂಗಿ ಪೊಟ್ಟಣ ಕಟ್ಟುತ್ತಿದ್ದ. "ಅವ್ನು ಕೆಳಗಡೆ ಜಲ್ಲಿ ಹಾಕಲ್ಲ ಅಷ್ಟೇ. ಮಣ್ಣು ಮಟ್ಟ ಮಾಡಿ, ಮರಳು ಚೆಲ್ಲಿ, ಕಲ್ಲು ಜೋಡಿಸಿ ಹೋಗ್ತಾನೆ. ನೀನೂ ಜಲ್ಲಿ ಸ್ವಲ್ಪ ಕಮ್ಮಿ ಮಾಡು ಪ್ರತಿಭಾ. ಮೊದಲ್ನೇ ಕೆಲಸ, ಕೈ ಬಿಡಬೇಡ. ಕಲ್ಲು ಕೂತ್ಮೇಲೆ ಕೆಳಗೇನೈತೆ ಅಂತ ಯಾರು ನೋಡ್ತಾರೆ?"

"ಮಳೆ ನೋಡುತ್ತೆ ರೀ."

ಕಾಂತರಾಜು ನಕ್ಕ. ಅವಳಿಗೂ ನಗು ಬಂತು. ಆದರೂ ಕುರ್ಚಿ ಎಳೆದುಕೊಂಡು ಕೂತು ಇನ್ನೊಂದು ಲೆಕ್ಕ ಹಾಕಿದಳು. ಜಲ್ಲಿ ಅರ್ಧ, ಕಲ್ಲು ತೆಳ್ಳಗಿನದು, ಅಂಚುಕಲ್ಲು ಇಲ್ಲವೇ ಇಲ್ಲ. ಮೊತ್ತ ಐವತ್ತರ ಹತ್ತಿರಕ್ಕೆ ಇಳಿಯಿತು. ಇನ್ನೇನು ಕಳಿಸಬೇಕು, ಅಷ್ಟರಲ್ಲಿ ಆ ಗಾಲಿಕುರ್ಚಿ ನೆನಪಿಗೆ ಬಂತು. ನೆಲ ಒಂದು ಕಡೆ ಕುಸಿದರೆ ನಡೆಯುವವನು ಹೇಗೋ ದಾಟಿಕೊಂಡು ಹೋಗುತ್ತಾನೆ. ಕುರ್ಚಿಯ ಮುಂದಿನ ಆ ಪುಟ್ಟ ಗಾಲಿ ದಾಟುತ್ತದೆಯೇ? ಅಲ್ಲೇ ಮುಗ್ಗರಿಸುತ್ತದೆ, ಕೂತವರನ್ನು ಮುಂದಕ್ಕೆ ಎಸೆಯುತ್ತದೆ.

ಬರೆದದ್ದನ್ನು ಅಳಿಸಿ ಬೇರೆ ಬರೆದಳು: "ಭಾನುವಾರ ನಿಮ್ಮಪ್ಪ ಮನೇಲಿರ್ತಾರಲ್ಲ? ಕಲ್ಲಿನ ಸ್ಯಾಂಪಲ್ ತರ್ತೀನಿ. ಅವರು ಒಂದ್ಸಲ ಅದರ ಮೇಲೆ ಓಡಾಡಿ ನೋಡಲಿ. ಆಮೇಲೆ ರೇಟು ಮಾತಾಡೋಣ."

ಭಾನುವಾರ ಒಂದು ಲಗೇಜು ಆಟೋದಲ್ಲಿ ಎರಡು ಬಗೆಯ ಕಲ್ಲುಗಳನ್ನೂ ದ್ಯಾವಯ್ಯನವರನ್ನೂ ಹತ್ತಿಸಿಕೊಂಡು ಅವಳು ಹೊಳೆನರಸೀಪುರಕ್ಕೆ ಬಂದಳು. ಅಷ್ಟು ಹೊತ್ತಿಗೆ ಹಿತ್ತಲು ಸುಮಾರಾಗಿ ಒಣಗಿತ್ತು. ದ್ಯಾವಯ್ಯ ಬಾಗಿಲ ಮುಂದೆಯೇ ನೆಲ ಕೆರೆದು, ಮರಳು ಹರವಿ, ಎರಡು ಬಗೆಯ ಕಲ್ಲನ್ನೂ ಅಕ್ಕಪಕ್ಕ ಚಾಪೆಯಷ್ಟಗಲ ಜೋಡಿಸಿದರು. ಒಂದು, ಊರಿನಲ್ಲೆಲ್ಲ ಹಾಕುವ ಅಂಕುಡೊಂಕು ಅಂಚಿನ ಕಲ್ಲು. ಇನ್ನೊಂದು ಇಟ್ಟಿಗೆಯ ಆಕಾರದ್ದು, ಮೈ ಸಪಾಟಾಗಿತ್ತು. ಹೊಸಿಲಿಗೆ ಒಂದು ಹಲಗೆ ಕೊಟ್ಟು, ಅನಿಲ್‌ಕುಮಾರನೂ ದ್ಯಾವಯ್ಯನವರೂ ಎರಡು ಕಡೆ ಹಿಡಿದು ಕುರ್ಚಿಯನ್ನು ಇಳಿಸಿದರು.

ಮೊದಲನೆಯ ಕಲ್ಲಿನ ಮೇಲೆ ಗಾಲಿ ಕಡಕಡ ಸದ್ದು ಮಾಡಿತು. ಕೆಂಪಣ್ಣನವರ ಗದ್ದ ಅದುರಿತು. ಅವರು ಮುಖ ಕಿವುಚಿದರು.

"ಎತ್ತಿನ ಗಾಡೀಲಿ ಓದಂಗಾಯ್ತದಾ ಗೌಡ್ರೇ?" ಎಂದರು ದ್ಯಾವಯ್ಯ.

ಕೆಂಪಣ್ಣನವರಿಗೆ ನಗು ಬಂತು. ಅರ್ಧ ಮುಖದ ನಗು. ಎರಡನೆಯ ಕಲ್ಲಿನ ಮೇಲೆ ಕುರ್ಚಿ ಸದ್ದಿಲ್ಲದೆ ಹೋಯಿತು. ಅವರು ಎಡಗೈಯಲ್ಲಿ ಆ ಕಲ್ಲನ್ನೇ ತೋರಿಸಿ, "ಇದು," ಎಂದರು. ಪದ ಪೂರ್ತಿಯಾಗಿ, ಸ್ವಚ್ಛವಾಗಿ ಬಂತು. ಬಾಗಿಲಲ್ಲಿ ನಿಂತಿದ್ದ ಅನಸೂಯಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಮಗನ ಮುಖ ನೋಡಿದರು.

ಪ್ರತಿಭಾ ಬ್ಯಾಗಿನಿಂದ ರಂಗೋಲಿ ಪುಡಿಯ ಡಬ್ಬ ತೆಗೆದಳು. "ಈಗ ಎಲ್ಲಿ ಕೂತ್ಕೋಬೇಕು ಅನ್ನೋದನ್ನ ನೀವೇ ಹೇಳಿ. ಅಲ್ಲಿ ಗುರುತು ಹಾಕ್ತೀನಿ," ಎಂದಳು.

"ಅದನ್ನ ನಾನ್ ಹೇಳಿದ್ನಲ್ಲ ಮೇಡಂ, ಇಲ್ಲೇ ಬಾಗಿಲ ಪಕ್ಕ, ಉಯ್ಯಾಲೆ ಹತ್ರ," ಎಂದ ಅನಿಲ್‌ಕುಮಾರ್.

ಅವನು ಹೇಳಿದ ಕಡೆಯೇ ಪ್ರತಿಭಾ ಒಂದು ಬಿಳಿ ಗೆರೆ ಎಳೆದು ಕೆಂಪಣ್ಣನವರತ್ತ ತಿರುಗಿದಳು. ಅವರು ತಲೆಯಲ್ಲಾಡಿಸಿದರು. ಅಲ್ಲ. ಅವಳು ಮುಂದೆ ಹೋಗಿ ಸೀಬೆಗಿಡದ ನೆರಳಲ್ಲಿ ಗೆರೆ ಎಳೆದಳು. ಅಲ್ಲ. ಬೇಲಿಯ ಹತ್ತಿರ, ರಸ್ತೆ ಕಾಣುವ ಕಡೆ ಎಳೆದಳು. ಅದೂ ಅಲ್ಲ. ಅವರ ಕೈ ಎಡಕ್ಕೆ ತಿರುಗಿತು. ಅವಳು ಎಡಕ್ಕೆ ನಡೆದಳು. ಇನ್ನೂ ಎಡಕ್ಕೆ. ಅವಳು ನಡೆಯುತ್ತ ಹೋಗಿ ಕೊಟ್ಟಿಗೆಯ ಮೂಲೆಗೆ ಬಂದು ನಿಂತಳು. ಅಲ್ಲೊಂದು ಹೊಂಗೆಮರ, ಅದರ ಬುಡದಲ್ಲಿ ನೀರಿನ ತೊಟ್ಟಿ, ತೊಟ್ಟಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು. ಅಷ್ಟು ಬಿಟ್ಟರೆ ಸಗಣಿ ಬುಟ್ಟಿ, ಹುಲ್ಲಿನ ಮೆದೆ, ಕಟ್ಟಿಹಾಕಿದ ಒಂದು ಕರು.

ಅವರು ಹೌದೆಂದು ಎರಡು ಸಲ ತಲೆಯಾಡಿಸಿದರು.

"ಅಲ್ಲೇನಿದೆ ಅಪ್ಪ? ಬರೀ ಗಂಜಲದ ವಾಸನೆ," ಎಂದ ಅನಿಲ್‌ಕುಮಾರ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಗೊಂದಲವಿತ್ತು. "ಕರು ನೋಡಬೇಕು ಅಂತಿದ್ದಾರೇನೋ."

ಕೆಂಪಣ್ಣನವರು ಅಲ್ಲವೆಂದು ಜೋರಾಗಿ ತಲೆಯಲ್ಲಾಡಿಸಿದರು. ಹೇಳಬೇಕೆಂದು ಬಾಯಿ ತೆರೆದರು. ತುಟಿ ಒದ್ದಾಡಿತು, ಹಣೆಯ ಮೇಲೆ ಬೆವರು ಬಂತು, ಮಾತು ಬರಲಿಲ್ಲ. ಕುರ್ಚಿಯ ಹಿಡಿಕೆಗೆ ಅಂಗೈಯಿಂದ ಒಂದೇಟು ಹೊಡೆದರು. ಆಮೇಲೆ ಕೈಯನ್ನು ನಿಧಾನವಾಗಿ ತಿರುಗಿಸಿ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ತೋರಿಸಿದರು. ಮತ್ತೆ ಒಗೆಯುವ ಕಲ್ಲನ್ನು ತೋರಿಸಿದರು.

ಮೊದಲು ಅರ್ಥವಾದದ್ದು ಅನಸೂಯಮ್ಮನವರಿಗೆ. ಹೊತ್ತು ಮೂಡುವ ಮುಂಚೆ ಹಾಲು ಕರೆಯಲು ಅವರು ಆ ಮೂಲೆಗೆ ಹೋಗುತ್ತಿದ್ದರು. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಸೊಪ್ಪು ಬಿಡಿಸುವುದು, ಮಾದಮ್ಮನ ಜೊತೆ ಬೇಲಿಯ ಮೇಲಿಂದ ಊರಿನ ಸುದ್ದಿ ಮಾತಾಡುವುದು ಎಲ್ಲ ಅಲ್ಲೇ. ಗಂಡ ಮಾತ್ರ ಮುಂದಿನ ಜಗಲಿಯಲ್ಲಿ, ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತ ಒಬ್ಬರೇ ಕೂತಿರುತ್ತಿದ್ದರು. ಕಾಯಿಲೆಗೆ ಮೊದಲು ಹಾಗಿರಲಿಲ್ಲ. ಇವರು ಒಂದು ಹಸು ಕರೆದರೆ ಅವರೊಂದು ಕರೆಯುತ್ತಿದ್ದರು.

ಅನಸೂಯಮ್ಮನವರ ಮುಖ ಕೆಂಪಾಯಿತು. "ಅಯ್ಯೋ, ನೋಡಿ ಇವ್ರನ್ನ! ಈ ವಯಸ್ಸಲ್ಲಿ... ಜನ ಏನಂದಾರು?" ಎಂದು ಒಳಗೆ ಹೋಗಿಬಿಟ್ಟರು. ಒಳಗಿನಿಂದ ಪಾತ್ರೆಯ ಸದ್ದಾಯಿತು; ಅಲ್ಲಿ ಎತ್ತಿಡಬೇಕಾದ ಪಾತ್ರೆ ಯಾವುದೂ ಇದ್ದಿರಲಾರದು. ಸ್ವಲ್ಪ ಹೊತ್ತಿಗೆ ಅವರೇ ಹೊರಗೆ ಬಂದರು. ಕಣ್ಣು ತೊಳೆದುಕೊಂಡು ಬಂದಿದ್ದರು.

"ಅನಿಲ, ನಿನ್ನ ಉಯ್ಯಾಲೆ ಆಮ್ಯಾಕೆ ನೋಡಾನ ಮಗ," ಎಂದರು. "ಯವ್ವಾ, ಈ ಬಾಗಿಲಿಂದ ಆ ಒಗೆಯೋ ಕಲ್ಲಿನ ಗಂಟ ಒಂದು ದಾರಿ, ಅಲ್ಲೊಂದಿಷ್ಟು ಕೂರಕ್ಕೆ ಜಾಗ. ಅಷ್ಟುಕ್ಕೆ ಎಷ್ಟಾಯ್ತದೆ ಯೋಳು."

ಪ್ರತಿಭಾ ಅಲ್ಲೇ ಅಳೆದಳು. ದಾರಿ ಕುರ್ಚಿಯೂ ತಳ್ಳುವವರೂ ಆರಾಮವಾಗಿ ಹೋಗುವಷ್ಟು ಅಗಲ. ಮೂಲೆಯಲ್ಲಿ ಕುರ್ಚಿ ಪೂರಾ ಒಂದು ಸುತ್ತು ತಿರುಗಬೇಕು, ಪಕ್ಕದಲ್ಲಿ ಇನ್ನಿಬ್ಬರು ಮಣೆ ಹಾಕಿಕೊಂಡು ಕೂರುವಂತಿರಬೇಕು. ಹೊಸಿಲ ಹತ್ತಿರ ಮೆಟ್ಟಿಲು ಬೇಡ, ಉದ್ದನೆಯ ಇಳಿಜಾರು. ನೀರು ತೊಟ್ಟಿಯ ಕಡೆಯಿಂದ ಬೇಲಿಯತ್ತ ಹರಿಯಲು ವಾಟ. ತೊಟ್ಟಿಯ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದಳು. ಜಲ್ಲಿಯನ್ನು ಕಡಿಮೆ ಮಾಡಲಿಲ್ಲ, ಕಲ್ಲನ್ನು ತೆಳ್ಳಗೆ ಮಾಡಲಿಲ್ಲ. ಆದರೂ ಮೂವತ್ತೆರಡು ಸಾವಿರದಲ್ಲಿ ಮುಗಿಯಿತು.

ಅನಿಲ್‌ಕುಮಾರ್ ಲೆಕ್ಕವನ್ನು ಎರಡು ಸಲ ನೋಡಿದ. "ಅವರ ನಲವತ್ತೇಳಕ್ಕಿಂತಲೂ ಕಮ್ಮಿ ಆಯ್ತಲ್ಲ ಮೇಡಂ."

"ಜಾಗ ಕಮ್ಮಿ ಆಯ್ತಲ್ಲ ಸರ್. ಉಳಿದದ್ದನ್ನ ಮುಂದೆ ಯಾವಾಗ ಬೇಕಾದ್ರೂ ಇದಕ್ಕೆ ಸೇರಿಸ್ಕೊಂಡು ಹೋಗಬಹುದು. ಆಗ ಇದನ್ನ ಕೀಳೋದೇನೂ ಬೇಡ."

ಅವನು ಉಯ್ಯಾಲೆಗೆಂದು ಇಟ್ಟುಕೊಂಡಿದ್ದ ಜಾಗವನ್ನೊಮ್ಮೆ, ಅಪ್ಪನ ಮುಖವನ್ನೊಮ್ಮೆ ನೋಡಿದ. "ನಾನೇ ಕೇಳಬೇಕಿತ್ತು," ಎಂದು ತನ್ನಷ್ಟಕ್ಕೆ ಅಂದುಕೊಂಡಂತೆ ಹೇಳಿ, ಮುಂಗಡ ತರಲು ಒಳಗೆ ಹೋದ. ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕೂತ ಮೇಲೆ ಪ್ರತಿಭಾ ಗಂಡನಿಗೆ ಫೋನು ಮಾಡಿದಳು. "ಸಿಕ್ತು ರೀ," ಎಂದು ಅವಳು ಕೂಗಿದ್ದು ಡ್ರೈವರಿಗೂ ಕೇಳಿಸಿರಬೇಕು.

ಕೆಲಸ ಶುರುವಾದ ಮೇಲೆ ಒಂದು ತೊಡಕು ಬಂತು. ದಾರಿಯ ಉದ್ದಕ್ಕೂ ಗಟ್ಟಿ ಕೆಮ್ಮಣ್ಣು ಸಿಕ್ಕಿತ್ತು. ಒಗೆಯುವ ಕಲ್ಲಿನ ಸುತ್ತ ಗುದ್ದಲಿ ಹಾಕಿದರೆ ನೆಲ ಬೆಣ್ಣೆಯಂತೆ ಒಳಗೆ ಬಿಟ್ಟುಕೊಂಡಿತು. ವರ್ಷಾನುಗಟ್ಟಲೆ ಸೋಪಿನ ನೀರು ಕುಡಿದು ಕಪ್ಪಾಗಿ ಕೊಳೆತ ಮಣ್ಣು. ದ್ಯಾವಯ್ಯ ಗುದ್ದಲಿ ನಿಲ್ಲಿಸಿ ಹಣೆ ಒರೆಸಿಕೊಂಡರು. "ಇನ್ನೂ ಮೊಣಕಾಲುದ್ದ ತೆಗೀಬೇಕು ಕಣಮ್ಮಾ. ತೆಗುದ್ಮ್ಯಾಕೆ ತುಂಬ್ಸಕ್ಕೆ ಏನಿಲ್ಲಾಂದ್ರೂ ಇನ್ನೊಂದು ಟ್ರ್ಯಾಕ್ಟರ್ ಜಲ್ಲಿ ಬೇಕಾಯ್ತದೆ."

ಇನ್ನೊಂದು ಟ್ರ್ಯಾಕ್ಟರ್ ಜಲ್ಲಿ ಅಂದಾಜಿನಲ್ಲಿ ಇರಲಿಲ್ಲ. ಆ ಮೂಲೆಯಲ್ಲಿ ಒಮ್ಮೆ ಹಾರೆ ಹಾಕಿ ನೋಡಬೇಕಿತ್ತು ಎಂದು ಪ್ರತಿಭಾ ತನ್ನನ್ನೇ ಬೈದುಕೊಂಡಳು. ತನ್ನ ಕೈಯಿಂದ ಹಣ ಹಾಕಿದರೆ ಈ ಕೆಲಸದಲ್ಲಿ ಅವಳಿಗೇನೂ ಉಳಿಯುತ್ತಿರಲಿಲ್ಲ. ಹೆಚ್ಚಿಗೆ ಕೇಳಿದರೆ, ಹಾಗಾದರೆ ನೀವು ಕೊಟ್ಟದ್ದು ಎಂಥ ಅಂದಾಜು ಎಂದು ಅವರು ಅನ್ನಬಹುದು. ಮುಚ್ಚಿಡುವುದಕ್ಕಿಂತ ಹೇಳಿಬಿಡುವುದೇ ವಾಸಿ ಎಂದುಕೊಂಡು ಅನಸೂಯಮ್ಮನವರನ್ನು ಗುಂಡಿಯ ಹತ್ತಿರ ಕರೆದು ಮಣ್ಣನ್ನು ತೋರಿಸಿದಳು.

ಅವರು ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಮೂಸಿ ಎಸೆದರು. "ನನ್ ಸೋಪಿನ ನೀರೇ ಇದು, ಯಾರ್ನ ಬಯ್ಯಾನ? ಅಲ್ಲ ಕಣವ್ವ, ಜಲ್ಲೀನೇ ಆಗ್ಬೇಕಾ? ಹಳೇ ಮನೆ ಗ್ವಾಡೆ ಕೆಡವ್ದಾಗ ಬಂದಿದ್ ಕಲ್ಲು ಕೊಟ್ಟಿಗೆ ಹಿಂದ್ಗಡೆ ಗುಡ್ಡೆ ಬಿದ್ದವೆ. ಹಾವು ಸೇರ್ಕತವೆ ಅಂತ ಬೈಕಂಡೇ ಇವ್ನಿ. ಅವು ಆಯ್ತವಾ ನೋಡು."

ದ್ಯಾವಯ್ಯ ಕೊಟ್ಟಿಗೆಯ ಹಿಂದಕ್ಕೆ ಹೋಗಿ ಬಂದರು. ಮುಖ ಅರಳಿತ್ತು. "ಬೇಕಾದಷ್ಟು ಐತೆ ಕಣಮ್ಮಾ. ಒಳ್ಳೇ ಗಟ್ಟಿ ಕಲ್ಲು."

ಆ ದಿನವೆಲ್ಲ ಗೋಡೆಯ ಕಲ್ಲು ಗುಂಡಿಗೆ ಇಳಿಯಿತು. ಸಂಜೆ ಬಸ್ಸಿಳಿದು ಬಂದ ಅನಿಲ್‌ಕುಮಾರ್ ಶರ್ಟು ಬಿಚ್ಚಿ ಬನಿಯನ್ನಿನಲ್ಲೇ ಬುಟ್ಟಿ ಹೊತ್ತ. ಕಲ್ಲಿನ ಮೇಲೆ ಜಲ್ಲಿ ಬಿತ್ತು, ಅದನ್ನು ಬಡಿದು ಗಟ್ಟಿಮಾಡುವ ದಿಮ್ಮಸು ಬಿತ್ತು. ಹಿಂಬಾಗಿಲಲ್ಲಿ ಕೆಂಪಣ್ಣನವರು ಕುರ್ಚಿಯಲ್ಲಿ ಕೂತು, ದಿಮ್ಮಸಿನ ಏಟು ಬಿದ್ದಾಗಲೆಲ್ಲ ಎಡಗಾಲಿನಿಂದ ನೆಲಕ್ಕೆ ತಾಳ ಹಾಕುತ್ತಿದ್ದರು. ಎಲ್ಲಾದರೂ ಏಟು ತಪ್ಪಿದರೆ ಅಲ್ಲಿಗೇ ಕೈ ತೋರಿಸುತ್ತಿದ್ದರು. ದ್ಯಾವಯ್ಯ, "ಆಯ್ತು ಗೌಡ್ರೇ, ಕಂಡೆ ಕಂಡೆ," ಎನ್ನುತ್ತ ಮತ್ತೆ ಹೊಡೆಯುತ್ತಿದ್ದರು. ಅಂದಾಜು ಮಾಡಿದ ಮೊತ್ತದಲ್ಲೇ ಕೆಲಸ ಮುಗಿಯಿತು.

ಬಾಕಿ ಹಣಕ್ಕೆಂದು ಪ್ರತಿಭಾ ಮತ್ತೆ ಬಂದಾಗ ಅವರೆಕಾಯಿಯ ಕಾಲ. ಮನೆಯ ಮುಂದಿನ ಜಗಲಿ ಖಾಲಿ ಇತ್ತು. ಕೂಗಿದರೆ ಯಾರೂ ಓಗೊಡಲಿಲ್ಲ. ಮನೆಯ ಪಕ್ಕದಿಂದ ಹಿತ್ತಲಿಗೆ ಬಂದಳು. ಹೊಂಗೆಮರದ ಕೆಳಗೆ ಕೆಂಪಣ್ಣನವರ ಕುರ್ಚಿ ಇತ್ತು. ತೊಡೆಯ ಮೇಲಿದ್ದ ಅಗಲವಾದ ತಟ್ಟೆಯಲ್ಲಿ ನೆನೆಸಿದ ಅವರೆಕಾಳು. ಒಂದೊಂದೇ ಕಾಳನ್ನು ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿತುಕುತ್ತಿದ್ದರು. ಸಿಪ್ಪೆ ಬೆರಳಲ್ಲಿ ಉಳಿದು ಕಾಳು ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು. ಪಕ್ಕದಲ್ಲಿ ಮಣೆಯ ಮೇಲೆ ಅನಸೂಯಮ್ಮ, ಬೇಲಿಯಾಚೆ ಮಾದಮ್ಮ. ಯಾರದೋ ಮನೆಯ ಮದುವೆಯ ಊಟದ ವಿಚಾರ ಜೋರಾಗಿ ನಡೆದಿತ್ತು.

"ಅದುಕ್ಕೆ ಒಂದ್ ಕೈ ಸಾಕು ನೋಡವ್ವ," ಎಂದರು ಅನಸೂಯಮ್ಮ ಪ್ರತಿಭಾಳನ್ನು ಕಂಡು. "ನನಗಿಂತ ಜೋರಾಗಿ ಹಿತುಕ್ತಾರೆ. ಬಾ ಕೂತ್ಕೊ. ಊಟ ಮಾಡ್ಕಂಡೇ ಓಗ್ಬೇಕು."

ಕೆಂಪಣ್ಣನವರು ಒಂದು ಕಾಳನ್ನು ಹಿಡಿದು, ಗುರಿಯಿಟ್ಟು ಹಿತುಕಿದರು. ಅದು ಅನಸೂಯಮ್ಮನವರ ಕೆನ್ನೆಗೆ ಬಡಿದು ಕೆಳಗೆ ಬಿತ್ತು.

"ನೋಡು ನೋಡು, ಬೆಳಿಗ್ಗೆಯಿಂದ ಇದೇ ಆಟ!" ಎಂದು ಅವರು ಬಿದ್ದ ಕಾಳನ್ನು ಎತ್ತಿ ಪಾತ್ರೆಗೆ ಹಾಕಿದರು. ಬೇಲಿಯಾಚೆಯಿಂದ ಮಾದಮ್ಮ ನಕ್ಕಳು. ಕೆಂಪಣ್ಣನವರು ತಮಗೇನೂ ಗೊತ್ತಿಲ್ಲವೆಂಬಂತೆ ಕರುವಿನ ಕಡೆಗೆ ಮುಖ ಮಾಡಿ ಕೂತಿದ್ದರು. ಭುಜ ಮಾತ್ರ ಕುಲುಕುತ್ತಿತ್ತು.

ಅಕ್ಕಿರೊಟ್ಟಿಯ ಜೊತೆ ಹಿತಕವರೆ ಸಾರು. ಪ್ರತಿಭಾ ಬೇಡಬೇಡವೆಂದರೂ ಇನ್ನೊಂದು ರೊಟ್ಟಿ ಬಿತ್ತು. ಕೈ ತೊಳೆದುಕೊಂಡು ಹೊರಡುವಾಗ ಬೇಲಿಯ ಹತ್ತಿರ ಮಾದಮ್ಮ ಕಾಯುತ್ತ ನಿಂತಿದ್ದಳು.

"ಮೇಡಮ್ಮಾ, ನಮ್ಮನೆ ಬಚ್ಚಲ ಮುಂದ್ಗಡೇನೂ ಮೊದ್ಲು ಇಲ್ಲಿದ್ದಂಗೇ ಕೆಸರು, ರೊಚ್ಚೆ. ಅಷ್ಟುಕ್ಕೆ ಎಷ್ಟಾಯ್ತದೆ, ಒಸಿ ಬಂದು ನೋಡಿ."

ಪ್ರತಿಭಾ ಗಡಿಯಾರ ನೋಡಿಕೊಂಡಳು. ಮಧ್ಯಾಹ್ನದ ಬಸ್ಸು ಇನ್ನೇನು ಬರುವ ಹೊತ್ತು. ಸಾಯಂಕಾಲದ ಬಸ್ಸಿಗೆ ಹೋದರಾಯಿತು ಎಂದುಕೊಂಡು, ಬ್ಯಾಗಿನಿಂದ ಟೇಪು ತೆಗೆದು ಮಾದಮ್ಮನ ಹಿಂದೆ ನಡೆದಳು. "ಮೊದಲು ಒಂದು ಹಾರೆ ಕೊಡಿ," ಎಂದಳು.